ರೊಟ್ಟಿಮನೆಯ ನೀರಡಿಕೆ

ಕಲ್ಲು ಬೆಳೆದದ್ದು ರೊಟ್ಟಿ ಬಡಿದವರ ಮೂತ್ರಪಿಂಡದಲ್ಲಿ. ರೊಟ್ಟಿ ತಿಂದವರಿಗೆ ಏನೂ ಆಗಲಿಲ್ಲ. ರೊಟ್ಟಿ ಮಾರಿದವರಿಗೂ ಏನೂ ಆಗಲಿಲ್ಲ. ಗದಗಿನ ಒಂದು ಖಾನಾವಳಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಐವರು ಹೆಂಗಸರು ಕೆಲಸ ಮಾಡುತ್ತಿದ್ದರು. ಅವರಲ್ಲಿ ಮೂವರಿಗೆ ಕಲ್ಲಾಯಿತು. ಆ ಮೂವರಲ್ಲಿ ಒಬ್ಬಳು ನನ್ನ ಅಕ್ಕ. ಅವಳ ಬಲಗಡೆಯ ಮೂತ್ರಪಿಂಡ ಕೈಕೊಟ್ಟಿತು. ಎಡಗಡೆಯದೊಂದನ್ನು ಉಳಿಸಿಕೊಳ್ಳಲು ನಾವು ಪಟ್ಟ ಪಾಡನ್ನೂ ಆ ದಾರಿಯಲ್ಲಿ ಯಾರು ಯಾರು ಏನೇನು ತಪ್ಪು ಮಾಡಿದೆವು ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇನೆ. ತಪ್ಪು ಮಾಡಿದವರ ಸಾಲಿನಲ್ಲಿ ನಾನೂ ಇದ್ದೇನೆ.

ಗದಗ ಜಿಲ್ಲೆಯಾದ ಹೊಸತು. ಕಚೇರಿಗಳು ಒಂದೊಂದಾಗಿ ತೆರೆಯುತ್ತಿದ್ದವು. ಸಂಸಾರವನ್ನು ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಬಿಟ್ಟು ಬಂದ ನೌಕರರು ಮಧ್ಯಾಹ್ನದ ಊಟಕ್ಕೆ ಖಾನಾವಳಿ ಹಿಡಿದರು. ಇಬ್ಬರು ಹೆಂಗಸರ ರೊಟ್ಟಿ ಸಾಲುತ್ತಿದ್ದ ಕಡೆ ಐವರು ಬೇಕಾದರು. ಅಕ್ಕ ಬೆಟಗೇರಿಯಲ್ಲಿದ್ದಳು. ಭಾವನದು ಕೈಮಗ್ಗ; ಮನೆ ನಡೆಯಲು ಇನ್ನೊಂದು ದುಡಿಮೆ ಬೇಕಿತ್ತು. ಅವಳ ರೊಟ್ಟಿ ತೆಳ್ಳಗೆ, ದುಂಡಗೆ, ಅಂಚು ಒಡೆಯದಂತೆ ಬರುತ್ತದೆಂದು ಓಣಿಯಲ್ಲೆಲ್ಲ ಹೆಸರಾಗಿತ್ತು. ಖಾನಾವಳಿಯ ಮಾಲೀಕರು ಹೇಳಿ ಕಳಿಸಿದರು, ಅವಳು ಹೋದಳು. ನಾನು ಆಗ ಶಿರಹಟ್ಟಿಯಲ್ಲಿ ಶಾಲಾ ಶಿಕ್ಷಕಿ. ತಿಂಗಳಿಗೆ ಒಂದೆರಡು ಸಲ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿ, ಶೆಡ್ಡಿಗೇ ಹೋಗಿ, ಅವಳ ಜೊತೆ ಮನೆಗೆ ನಡೆಯುತ್ತಿದ್ದೆ.

ಶೆಡ್ಡಿನಲ್ಲಿ ಗೋಡೆಗುಂಟ ಐದು ಒಲೆಗಳು. ಮೇಲೆ ತಗಡು, ಬೆನ್ನ ಹಿಂದೆ ಕಟ್ಟಿಗೆಯ ರಾಶಿ. ಕಣಗಿನಹಾಳದ ಕಡೆಯ ಬಿಳಿಜೋಳ ಪಕ್ಕದ ಗಿರಣಿಯಲ್ಲಿ ಹಿಟ್ಟಾಗಿ ಬರುತ್ತಿತ್ತು. ಗಿರಣಿಯನ್ನು ಲಕ್ಷ್ಮೇಶ್ವರದಿಂದ ಬಂದು ನೆಲೆಸಿದ ಮುಸ್ಲಿಂ ದಂಪತಿ ನಡೆಸುತ್ತಿದ್ದರು; ಗಿರಣಿಯ ಹಿಂದೆಯೇ ಅವರ ಮನೆ. ಆ ಹೆಂಗಸನ್ನು ಎಲ್ಲರೂ ಚಾಚಿ ಎನ್ನುತ್ತಿದ್ದರು. ಬೆಳಿಗ್ಗೆ ಆರಕ್ಕೆ ಒಲೆ ಹೊತ್ತಿದರೆ ಮಧ್ಯಾಹ್ನ ಮೂರಕ್ಕೆ ಆರುತ್ತಿತ್ತು. ಕುದಿಯುವ ನೀರಿನಲ್ಲಿ ಹಿಟ್ಟು ನಾದುವುದು, ಬಡಿಯುವುದು, ಹಂಚಿಗೆ ಹಾಕಿ ಮೇಲೆ ನೀರು ಸವರುವುದು, ತಿರುವಿ ಕೆಂಡಕ್ಕೆ ಒಡ್ಡುವುದು. ಕೈಗೆ ಇಡೀ ದಿನ ನೀರು ಹತ್ತುವ ಈ ಕೆಲಸದಲ್ಲಿ ಬಾಯಿಗೆ ಮಾತ್ರ ನೀರು ಹತ್ತುತ್ತಿರಲಿಲ್ಲ.

ಅದು ಅಲ್ಲಿನ ಕಟ್ಟುಪಾಡಾಗಿತ್ತು. ಹೆಂಗಸರು ಅದಕ್ಕೆ ಒಂದು ಹೆಸರನ್ನೂ ಇಟ್ಟಿದ್ದರು: ಒಣ ಪಾಳಿ. ಮೊದಲ ಒಲೆಯ ಹಿರಿಯಳು ಹೊಸದಾಗಿ ಬಂದವರಿಗೆಲ್ಲ ಮೂರು ಪಾಠ ಹೇಳುತ್ತಿದ್ದಳು. ಹಿಟ್ಟಿಗೆ ಎಷ್ಟು ಬಿಸಿನೀರು ಎಂಬುದು ಒಂದನೆಯದು. ಕೈ ಸುಡದಂತೆ ರೊಟ್ಟಿ ತಿರುವುವುದು ಎರಡನೆಯದು. ಮನೆಯಿಂದ ಹೊರಡುವ ಮುಂಚೆ ಒಂದು ತಂಬಿಗೆ ನೀರು ಕುಡಿದು, ಆಮೇಲೆ ಮನೆಗೆ ಮರಳುವವರೆಗೆ ಗಂಟಲಿಗೆ ಹನಿ ನೀರು ಬಿಡದಿರುವುದು ಮೂರನೆಯದು. ಹತ್ತು ಗಂಟೆಗೆ ಮಾಲೀಕರು ಕಳಿಸುವ ಅರ್ಧ ಕಪ್ಪು ಚಹಾಕ್ಕೆ ಮಾತ್ರ ವಿನಾಯಿತಿ.

ಕಾರಣ ಸರಳವಾಗಿತ್ತು. ಶೆಡ್ಡಿನಲ್ಲಿ ಶೌಚಾಲಯ ಇರಲಿಲ್ಲ. ಮುಂದಿನ ಊಟದ ಕೋಣೆಯಲ್ಲಿ ಉಣ್ಣುವ ಗಂಡಸರಿಗಾಗಿ ಬದಿಗೆ ಒಂದು ಮೋಟುಗೋಡೆ ಕಟ್ಟಿಸಿದ್ದರು. ಹಿಂದಿನ ಬಯಲಿನಲ್ಲಿ ಜಾಲಿಕಂಟಿ ಬೆಳೆದಿದ್ದಾಗ ಹೆಂಗಸರು ಅದರ ಮರೆಗೆ ಹೋಗಿ ಬರುತ್ತಿದ್ದರಂತೆ. ಜಿಲ್ಲೆಯಾದ ವರ್ಷ ಆ ಬಯಲನ್ನು ಸವರಿ, ಕಂಪೌಂಡು ಹಾಕಿ, ಕಚೇರಿಯೊಂದನ್ನು ಕಟ್ಟಿದರು. ಅಭಿವೃದ್ಧಿಯ ಬಗ್ಗೆ ಆ ದಿನಗಳಲ್ಲಿ ಆದ ಭಾಷಣಗಳನ್ನು ನಾನೂ ಕೇಳಿ ಚಪ್ಪಾಳೆ ತಟ್ಟಿದ್ದೇನೆ. ಐವರು ಹೆಂಗಸರಿಗಿದ್ದ ಒಂದೇ ಮರೆಯನ್ನು ಕಿತ್ತು, ಬದಲಿಗೆ ಏನನ್ನೂ ಕೊಡದೆ ಹೋದದ್ದು ಆ ಭಾಷಣಗಳಲ್ಲಿ ಬರಲಿಲ್ಲ. ಇದು ಮೊದಲನೆಯ ತಪ್ಪು.

ಈ ಸಂಗತಿ ನನಗೆ ಆಗ ಗೊತ್ತಿರಲಿಲ್ಲ. ಮೂರು ವರ್ಷ ಆ ಶೆಡ್ಡಿಗೆ ಹೋಗಿ ಬಂದೆ. ಹೊಗೆಯ ಬಗ್ಗೆ ಕೇಳಿದ್ದೆ, ವಾರದ ರಜೆಯ ಬಗ್ಗೆ ಕೇಳಿದ್ದೆ. ಒಂಬತ್ತು ತಾಸು ಬೆಂಕಿಯ ಮುಂದೆ ಕುಳಿತವರು ಯಾಕೆ ಯಾರೂ ತಂಬಿಗೆಗೆ ಕೈ ಹಾಕುವುದಿಲ್ಲ ಎಂದು ಕೇಳಲಿಲ್ಲ. ಪ್ರಶ್ನೆ ಕೇಳುವುದನ್ನೇ ಶಿಕ್ಷಣ ಎಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಅವರು ಹೇಳಲಿಲ್ಲ ಎಂಬುದು ನನಗೆ ನೆಪವಾಗಲಾರದು.

ಅಕ್ಕನಿಗೆ ಬಲಬದಿಯ ನೋವು ಶುರುವಾದದ್ದು ಕೆಲಸಕ್ಕೆ ಸೇರಿದ ಮರುವರ್ಷ. ಸೊಂಟದಿಂದ ಎದ್ದು ತೊಡೆಯ ಸಂದಿಯವರೆಗೆ ಇಳಿಯುತ್ತಿತ್ತು. ಮನೆಯವರೆಲ್ಲ ಅದಕ್ಕೆ ವಾಯು ಎಂದರು. ಓಂಕಾಳು ಅಗಿದಳು, ಬಿಸಿ ಇಟ್ಟಿಗೆಯ ಶಾಖ ಕೊಟ್ಟುಕೊಂಡಳು, ಕೆಲಸಕ್ಕೆ ಹೋದಳು. ಹೆಂಗಸರ ನೋವನ್ನು ವಾಯು ಎಂದು ಕರೆದು ಮುಗಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಎರಡು ವರ್ಷ ಕಳೆದ ಮೇಲೆ ಜ್ವರ ಬಂದು ಮೂತ್ರದಲ್ಲಿ ರಕ್ತ ಕಂಡಾಗಲೇ ಸ್ಕ್ಯಾನಿಂಗ್ ಆದದ್ದು. ಕಲ್ಲು ಮೂತ್ರನಾಳಕ್ಕೆ ಅಡ್ಡ ಕೂತು ಬಹಳ ದಿನವಾಗಿತ್ತು. ಹಿಂದೆ ನಿಂತ ಮೂತ್ರದ ಒತ್ತಡಕ್ಕೆ ಮೂತ್ರಪಿಂಡ ಊದಿ, ಆಮೇಲೆ ಸೊರಗಿತ್ತು. ಕಲ್ಲನ್ನು ತೆಗೆದರು, ಆದರೆ ಆ ಕಡೆಯದು ಇನ್ನು ಹೆಸರಿಗೆ ಮಾತ್ರ ಎಂದು ವೈದ್ಯರು ಹೇಳಿದರು. ಉಳಿದದ್ದನ್ನು ಜೋಪಾನ ಮಾಡಿಕೊಳ್ಳಿ ಎಂದು ಚೀಟಿಯ ಮೇಲೆ ಒಂದೇ ಸಾಲು ಬರೆದರು: ಹೆಚ್ಚು ನೀರು ಕುಡಿಯುವುದು. ಅಕ್ಕ ತಲೆ ಅಲ್ಲಾಡಿಸಿದಳು. ಕುಡಿಯಲು ಆಗುತ್ತದೆಯೇ ಎಂದು ವೈದ್ಯರು ಕೇಳಲಿಲ್ಲ. ಆಗುವುದಿಲ್ಲ ಎಂದು ಅವಳು ಹೇಳಲಿಲ್ಲ. ತಿಂಗಳ ವಿಶ್ರಾಂತಿ ಮುಗಿಸಿ ಮತ್ತೆ ಅದೇ ಒಲೆಯ ಮುಂದೆ ಕೂತಳು.

ಇನ್ನು ನನ್ನ ತಪ್ಪು. ಶಿರಹಟ್ಟಿಯಲ್ಲಿ ನಾವು ಏಳೆಂಟು ಜನ ಶಿಕ್ಷಕಿಯರು ಸೇರಿ ಒಂದು ಅಧ್ಯಯನ ಕೂಟ ಕಟ್ಟಿಕೊಂಡಿದ್ದೆವು. ಅಕ್ಕನಿಗಾದದ್ದು ಇನ್ನೊಬ್ಬರಿಗೆ ಆಗಬಾರದೆಂದು ನಾನು ಒಂದು ಕರಪತ್ರ ಬರೆದೆ. ಆಸ್ಪತ್ರೆಯ ಕಂಪೌಂಡರ್ ಹೇಳಿದ್ದು, ನೆರೆಮನೆಯವರು ಹೇಳಿದ್ದು, ಎಲ್ಲೋ ಓದಿ ಅರ್ಧ ನೆನಪಿದ್ದದ್ದು, ಇಷ್ಟೇ ನನ್ನ ಆಧಾರ. ಕಲ್ಲು ಸುಣ್ಣದ ಅಂಶದಿಂದ ಆಗುತ್ತದೆ, ಹಾಲು ಮೊಸರಿನಲ್ಲಿ ಸುಣ್ಣದ ಅಂಶವಿದೆ, ಆದ್ದರಿಂದ ಹಾಲು, ಮೊಸರು, ಮಜ್ಜಿಗೆ ಬಿಡಬೇಕು. ಟೊಮ್ಯಾಟೊ ಬೀಜವೂ ಕಲ್ಲಾಗುತ್ತದೆ, ಅದನ್ನೂ ಬಿಡಬೇಕು. ಒಂದು ವಾಕ್ಯ ಇನ್ನೊಂದಕ್ಕೆ ಚೆನ್ನಾಗಿ ಹೊಂದುತ್ತಿತ್ತು; ಹೊಂದುವ ವಾಕ್ಯ ನಿಜವೇ ಆಗಿರುತ್ತದೆಂದು ನಂಬಿದೆ. ಯಾವ ವೈದ್ಯರಿಗೂ ತೋರಿಸದೆ ಅಚ್ಚು ಹಾಕಿಸಿದೆ. ಲಕ್ಷ್ಮೇಶ್ವರದ ಸಂತೆಯಲ್ಲಿ, ಮುಂಡರಗಿಯ ಬಸ್ ನಿಲ್ದಾಣದಲ್ಲಿ, ಶಿರಹಟ್ಟಿಯ ಶಾಲೆಗಳಲ್ಲಿ ಕೈಯಾರೆ ಹಂಚಿದೆ. ಅಕ್ಕ ಒಂದನ್ನು ಜೋಳದ ಹಿಟ್ಟಿನ ಅಂಟು ಕಾಯಿಸಿ ಶೆಡ್ಡಿನ ಗೋಡೆಗೆ ಹಚ್ಚಿದಳು.

ಅವಳ ಊಟದಲ್ಲಿ ಎರಡು ಹೊತ್ತೂ ಇರುತ್ತಿದ್ದ ಮೊಸರು ಅಂದೇ ನಿಂತಿತು. ನುಚ್ಚಿನ ಜೊತೆಗಿನ ಮಜ್ಜಿಗೆ ನಿಂತಿತು. ಉಳಿದದ್ದು ರೊಟ್ಟಿ, ಪುಂಡಿಪಲ್ಯ ಅಥವಾ ರಾಜಗಿರಿ ಸೊಪ್ಪು, ಮೊಸರಿನ ಜಾಗ ತುಂಬಲು ಎರಡು ಪಟ್ಟು ಶೇಂಗಾ ಹಿಂಡಿ, ಖಾನಾವಳಿಯಿಂದ ಬರುತ್ತಿದ್ದ ಉಪ್ಪಿನಕಾಯಿ, ಉಪ್ಪು ತುಂಬಿ ಒಣಗಿಸಿದ ಬಾಳಕದ ಮೆಣಸಿನಕಾಯಿ. ಕರಪತ್ರದಲ್ಲಿ ಉಪ್ಪಿನ ಮಾತೇ ಇರಲಿಲ್ಲ. ಕಲ್ಲಿಗೆ ಇದಕ್ಕಿಂತ ಅನುಕೂಲವಾದ ಊಟವನ್ನು ಬೇಕೆಂದು ಕೂತು ಬರೆದಿದ್ದರೂ ಬರೆಯಲಾಗುತ್ತಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಭಾವ ತನಗೆ ತಿಳಿದ ದಾರಿ ಹಿಡಿದ. ಶೆಡ್ಡಿಗೆ ಬರುತ್ತಿದ್ದದ್ದು ಕೊಳವೆಬಾವಿಯ ಗಡಸು ನೀರು. ಹಿಟ್ಟಿಗೆ ನೀರು ಕಾಯಿಸುವ ಹಂಡೆಯ ತಳದಲ್ಲಿ ಬೆರಳು ದಪ್ಪ ಬಿಳಿ ಹಕ್ಕಳೆ ಕಟ್ಟುತ್ತಿತ್ತು. ಹಿರಿಯಳು ಅದನ್ನು ಕುಡಗೋಲಿನ ತುದಿಯಿಂದ ಕೆತ್ತಿ, ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದಳು. ಹಂಡೆಯಲ್ಲಿ ಕೂತದ್ದೇ ಹೊಟ್ಟೆಯಲ್ಲೂ ಕೂರುತ್ತದೆ, ಈ ನೀರನ್ನು ಎಷ್ಟು ಕಡಿಮೆ ಕುಡಿದರೆ ಅಷ್ಟು ಒಳ್ಳೆಯದು ಎಂದು ಐವರೂ ತೀರ್ಮಾನಿಸಿದರು. ಒಣ ಪಾಳಿಗೆ ಈಗ ಆರೋಗ್ಯದ ಸಮರ್ಥನೆಯೂ ಸಿಕ್ಕಿತು. ಭಾವನಿಗೆ ಇದು ತಿಳಿದು, ಮಗ್ಗ ನಿಲ್ಲಿಸಿದ ದಿನ ಕ್ಯಾನು ಹಿಡಿದು ಮುಂಡರಗಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕೊರ್ಲಹಳ್ಳಿಗೆ ಹೋಗಿ, ತುಂಗಭದ್ರೆಯ ನೀರು ತುಂಬಿಕೊಂಡು ಬರತೊಡಗಿದ. ಮರಳುವಾಗ ಒಮ್ಮೆ ಡೋಣಿಗೂ ಹೋಗಿ ಕಪ್ಪತಗುಡ್ಡದ ಬೇರು, ಸೊಪ್ಪು ಅರೆದು ಕೊಡುವವರಿಂದ ಕಲ್ಲು ಕರಗುವ ಔಷಧವೆಂದು ಒಂದು ಪುಡಿ ತಂದ. ಅವನ ಅಕ್ಕರೆಯನ್ನು ನಾನು ಗೇಲಿ ಮಾಡಲಾರೆ. ಎರಡು ಬಸ್ಸು ಬದಲಿಸಿ ನೀರು ಹೊತ್ತು ತರುವ ಗಂಡಂದಿರು ಹೆಚ್ಚಿಲ್ಲ. ಆದರೆ ಅಕ್ಕ ಆ ನೀರನ್ನು ಔಷಧದಂತೆಯೇ ಕುಡಿದಳು. ಮುಂದಿನ ಕ್ಯಾನು ಬರುವವರೆಗೆ ಸಾಲಬೇಕಲ್ಲ ಎಂದು ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಅಳೆದು ಕುಡಿದು, ಮನೆಯ ನಲ್ಲಿಯ ನೀರನ್ನೂ ಬಿಟ್ಟಳು. ಮೊದಲು ಮನೆಯಲ್ಲಾದರೂ ಕುಡಿಯುತ್ತಿದ್ದ ನೀರು ಹೀಗೆ ಅರ್ಧಕ್ಕಿಳಿಯಿತು.

ಒಂದು ಶನಿವಾರ ನಾನಿದ್ದಾಗಲೇ, ಒಲೆ ಆರಿಸಿ ಮನೆಗೆ ಹೊರಡುವ ಹೊತ್ತಿಗೆ, ಚಾಚಿ ಹಿಟ್ಟಿನ ಡಬ್ಬಿ ಇಡಲು ಬಂದು, ಅಕ್ಕ ಜೊತೆಗೆ ತಂದಿದ್ದ ಸಂಜೆಯ ಪಾಲಿನ ನೀರನ್ನು ಲೋಟದ ತಳದಲ್ಲಿ ಅಳೆಯುವುದನ್ನು ನೋಡಿದಳು.

"ಏನ್ ಯವ್ವಾ, ಹಜ್‌ಕ ಹೋದಾವ್ರು ತಂದ ಜಮ್‌ಜಮ್ ನೀರೇನಿದು, ಹನಿ ಹನಿ ಕುಡ್ಯಾಕ?"

"ಹೊಳೀ ನೀರು, ಚಾಚಿ. ಬಸ್ಸಿನ್ಯಾಗ ಬರತಾವು."

"ಬಸ್ಸಿನ್ಯಾಗ ಬಂದ್ರೂ ನೀರು ನೀರಾ ಅಲ್ಲೇನು? ತುಂಬ ಕುಡೀವಾ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಶೆಡ್ಡಿನಲ್ಲಿ ಅಲ್ಲಿಯವರೆಗೆ ಯಾರಾದರೂ ಹೇಳಿದ್ದರಲ್ಲಿ ಅತ್ಯಂತ ಸರಿಯಾದ ವೈದ್ಯಕೀಯ ಸಲಹೆ ಅದೇ ಆಗಿತ್ತು.

ಮೊಸರು ಬಿಟ್ಟು ವರ್ಷ ಒಂದೂವರೆಯಾಗಿರಬೇಕು, ಎಡಬದಿಗೆ ನೋವು ಬಂತು. ಬೇಸಿಗೆ, ಹನ್ನೊಂದರ ಹೊತ್ತು. ಹಂಚಿನ ಮೇಲೆ ರೊಟ್ಟಿ ಇದ್ದಂತೆಯೇ ಅಕ್ಕ ಕಟ್ಟಿಗೆಯ ರಾಶಿಗೆ ಒರಗಿದಳಂತೆ. ರೊಟ್ಟಿ ಕರಕಾದ ವಾಸನೆಗೆ ಪಕ್ಕದವಳು ತಿರುಗಿ ನೋಡಿದಳಂತೆ. ಮರುದಿನ ಹುಬ್ಬಳ್ಳಿಯ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಕಲ್ಲು ಸಣ್ಣದು, ತಾನಾಗಿ ಇಳಿಯಬಹುದು ಎಂದರು. ಆದರೆ ಈ ಕಡೆಯೂ ಕಟ್ಟಿಕೊಂಡರೆ ರಕ್ತ ಶುದ್ಧಿಗೆ ವಾರಕ್ಕೆರಡು ಸಲ ಯಂತ್ರದ ಪಕ್ಕ ಮಲಗಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅಕ್ಕನಿಗೆ ಆಗ ಮೂವತ್ತೆಂಟು. ಆಹಾರದ ಬಗ್ಗೆ ತಿಳಿದುಕೊಂಡು ಹೋಗಿ ಎಂದು ಓಣಿಯಂಥ ಹಜಾರದ ಕೊನೆಯ ಕೋಣೆಗೆ ಕಳಿಸಿದರು.

ಅಲ್ಲಿದ್ದ ಆಹಾರ ತಜ್ಞೆ ಧಾರವಾಡದ ಕಡೆಯ ಯುವತಿ. ಉಪದೇಶ ಮಾಡದೆ, ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದಿರಿ ಎಂದು ಅಕ್ಕನನ್ನು ಕೇಳಿ ಬರೆದುಕೊಂಡರು. ಮೊಸರು ಯಾಕಿಲ್ಲ ಎಂದರು. ನಾನು, ಒಂದಿಷ್ಟು ಹೆಮ್ಮೆಯಿಂದಲೇ ಎಂದು ಒಪ್ಪಿಕೊಳ್ಳುತ್ತೇನೆ, ಚೀಲದಿಂದ ಕರಪತ್ರ ತೆಗೆದು ಮೇಜಿನ ಮೇಲಿಟ್ಟೆ. ಅವರು ಕೊನೆಯವರೆಗೂ ಓದಿದರು.

"ಇದನ್ನ ಯಾರು ಬರದಾರ್ರಿ?"

"ನಾನಾ ಬರದೀನ್ರಿ."

"ಎಷ್ಟು ಮಂದಿಗೆ ಹಂಚೀರಿ?"

ನಾನು ಸಂತೆ, ನಿಲ್ದಾಣ, ಶಾಲೆಗಳ ಹೆಸರು ಹೇಳಿದೆ. ಅವರು ಬೈಯಲಿಲ್ಲ. ಕಲ್ಲಿನಲ್ಲಿ ಹಲವು ಜಾತಿಗಳಿವೆ. ಹೆಚ್ಚಾಗಿ ಕಾಣುವ ಜಾತಿಯಲ್ಲಿ ಸುಣ್ಣದ ಅಂಶದ ಜೊತೆ ಆಕ್ಸಲೇಟ್ ಎಂಬ ಇನ್ನೊಂದು ಅಂಶ ಸೇರಿರುತ್ತದೆ ಎಂದು ವಿವರಿಸಿದರು. ಈ ಎರಡನೆಯದು ಪುಂಡಿ, ರಾಜಗಿರಿ, ಪಾಲಕ, ಶೇಂಗಾ ಇಂಥವುಗಳಲ್ಲಿ ಹೆಚ್ಚು. ಅವುಗಳ ಜೊತೆಗೇ ಮೊಸರು ತಿಂದರೆ ಮೊಸರಿನ ಸುಣ್ಣದ ಅಂಶ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಗೆ ಹಾಕುತ್ತದೆ. ಮೊಸರಿಲ್ಲದಿದ್ದರೆ ಅದು ರಕ್ತಕ್ಕೆ ಸೇರಿ, ಮೂತ್ರಪಿಂಡಕ್ಕೆ ಬಂದು ಅಲ್ಲಿ ಕಲ್ಲಾಗುತ್ತದೆ. ಅಂದರೆ ಕಾವಲಿನವನನ್ನು ಬಿಡಿಸಿ ಮನೆಗೆ ಕಳಿಸಿದವಳು ನಾನು. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಹೋಗುವ ಸುಣ್ಣ ಹೆಚ್ಚುತ್ತದೆ. ಆದ್ದರಿಂದ ನಿಜವಾಗಿ ಬಿಡಬೇಕಾದದ್ದು ಉಪ್ಪಿನಕಾಯಿ, ಹಪ್ಪಳ, ಬಾಳಕ. ಟೊಮ್ಯಾಟೊ ಬೀಜಕ್ಕೂ ಕಲ್ಲಿಗೂ ಸಂಬಂಧವಿಲ್ಲ. ಗುಡ್ಡದ ಪುಡಿಯಲ್ಲಿ ಏನಿದೆಯೆಂದು ತಿಳಿಯದೆ, ಇರುವ ಒಂದೇ ಮೂತ್ರಪಿಂಡದ ಮೇಲೆ ಅದನ್ನು ಪರೀಕ್ಷಿಸಬಾರದು.

ಹಂಡೆಯ ಹಕ್ಕಳೆಯ ಮಾತನ್ನು ಅಕ್ಕ ತೆಗೆದಳು. ಅದಕ್ಕೆ ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಹಂಡೆಯ ಕೆಳಗೆ ಉರಿ ಹಚ್ಚುತ್ತೀರಿ, ನೀರು ಆರುತ್ತದೆ, ಇದ್ದ ಸುಣ್ಣ ಕರಗಿ ಉಳಿಯಲು ನೀರು ಸಾಲದೆ ತಳಕ್ಕೆ ಕೂರುತ್ತದೆ. ಒಲೆಯ ಮುಂದೆ ಕೂತ ನಿಮ್ಮ ಮೈಯ ನೀರೂ ಹಾಗೆಯೇ ಬೆವರಾಗಿ ಆರುತ್ತದೆ, ತುಂಬುವವರು ಯಾರು ಎಂದು ಕೇಳಿದರು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಹಲ್ಲಿಗೆ, ಎಲುಬಿಗೆ ಕೆಟ್ಟದ್ದು, ಅದನ್ನು ಪರೀಕ್ಷೆ ಮಾಡಿಸಿ. ಆದರೆ ಗಡಸು ನೀರೆಂದು ಹೆದರಿ ನೀರನ್ನೇ ಬಿಟ್ಟರೆ ಕಲ್ಲು ಖಂಡಿತ ಎಂದರು. ಕೊನೆಗೆ ಪೆನ್ನು ಕೆಳಗಿಟ್ಟು, ಯಾರೂ ಕೇಳದ ಪ್ರಶ್ನೆ ಕೇಳಿದರು.

"ಅಕ್ಕಾರ, ಕೆಲಸಕ್ಕ ಹೋದ ಮ್ಯಾಲ ಒಂದಕ್ಕ ಎಷ್ಟು ಸಲ ಹೋಗತೀರಿ?"

ಅಕ್ಕ ಗೋಡೆ ನೋಡಿದಳು. "ಒಮ್ಮಿನೂ ಇಲ್ರಿ. ಹೋಗಾಕ ಅಲ್ಲಿ ಜಾಗಾ ಎಲ್ಲೈತ್ರಿ?"

ನಾಲ್ಕು ವರ್ಷಕ್ಕೂ ಮೇಲಿನ ಕಥೆ ಆ ಒಂದು ಮಾತಿನಲ್ಲಿ ಹೊರಬಂತು. ಒಣ ಪಾಳಿ ಎಂಬ ಹೆಸರನ್ನು ನಾನು ಕೇಳಿದ್ದೂ ಆಗಲೇ. ಸೋದರಿಯೇ ಎದುರಿಗಿದ್ದೂ ಅವಳನ್ನು ಕೇಳದೆ ಗೋಡೆಗೆ ಹಚ್ಚಲು ಕಾಗದ ಬರೆದ ನನಗೆ ಅಂದು ಆದ ನಾಚಿಕೆ ಅಳತೆಯದ್ದಲ್ಲ. ಆದರೆ ನಾಚಿಕೆಯಿಂದ ಮೂತ್ರಪಿಂಡ ಉಳಿಯುವುದಿಲ್ಲ.

ಆಹಾರ ತಜ್ಞೆ ಬರೆದುಕೊಟ್ಟದ್ದು ನಮ್ಮ ಅಡಿಗೆಮನೆಯ ಹೊರಗಿನದೇನೂ ಆಗಿರಲಿಲ್ಲ. ರೊಟ್ಟಿ ಇರಲಿ. ಪುಂಡಿಪಲ್ಯ ದಿನವೂ ಬೇಡ, ತಿಂದ ದಿನ ಜೊತೆಗೆ ಮೊಸರು ಇರಲೇಬೇಕು. ಹೀರೆ, ಸೋರೆ, ಮೆಂತ್ಯ, ಸೌತೆ, ಗಜ್ಜರಿ ಹೆಚ್ಚಲಿ. ಶೇಂಗಾ ಹಿಂಡಿ ಒಂದು ಚಮಚಕ್ಕೆ ನಿಲ್ಲಲಿ. ಉಪ್ಪಿಲ್ಲದ ಅಥವಾ ಚಿಟಿಕೆ ಉಪ್ಪಿನ ಮಜ್ಜಿಗೆ, ನೀರಿಗೆ ದಿನಕ್ಕೊಂದು ಲಿಂಬೆಹಣ್ಣಿನ ರಸ, ಸಕ್ಕರೆ ಬೇಡ. ಲೋಟ ಎಣಿಸುವ ಬದಲು ಮೂತ್ರದ ಬಣ್ಣ ನೋಡಿಕೊಳ್ಳಬೇಕು: ಒಣಹುಲ್ಲಿನ ತಿಳಿ ಬಣ್ಣವಿದ್ದರೆ ನೀರು ಸಾಕಾಗಿದೆ, ಚಹಾದ ಬಣ್ಣಕ್ಕೆ ತಿರುಗಿದರೆ ಸಾಲದಾಗಿದೆ. ಮೂತ್ರಪಿಂಡ ಆಗಲೇ ಪೂರ್ತಿ ಸೋತವರಿಗೆ ಈ ಲೆಕ್ಕ ಬೇರೆ, ಅವರು ವೈದ್ಯರನ್ನು ಕೇಳಿಯೇ ಕುಡಿಯಬೇಕು ಎಂಬುದನ್ನೂ ಹೇಳಿದರು. ಕಲ್ಲು ಇಳಿದರೆ ಬಟ್ಟೆಯಲ್ಲಿ ಸೋಸಿ ಹಿಡಿದು ತನ್ನಿ, ಯಾವ ಜಾತಿಯೆಂದು ನೋಡೋಣ ಎಂದರು.

ಹದಿನೈದು ದಿನದಲ್ಲಿ ಅಕ್ಕ ಕೆಲಸಕ್ಕೆ ಮರಳುವವಳಿದ್ದಳು. ಅದರ ಹಿಂದಿನ ದಿನ ನಾನು ಅವಳ ಜೊತೆ ಶೆಡ್ಡಿಗೆ ಹೋಗಿ, ಕರಪತ್ರವನ್ನು ಗೋಡೆಯಿಂದ ಕಿತ್ತು, ಅದರಲ್ಲಿ ಬರೆದದ್ದು ತಪ್ಪು ಎಂದು ಎಲ್ಲರ ಮುಂದೆ ಹೇಳಿದೆ. ಕಲಿಸುವವರಿಗೆ ಹೀಗೆ ಹೇಳುವುದು ರೂಢಿಯಿಲ್ಲ. ಹಿರಿಯಳು ಕೇಳಿ, ನೀರು ಕುಡಿಯುವುದು ಸರಿ, ಕುಡಿದ ಮೇಲೆ ಎಲ್ಲಿ ಹೋಗಬೇಕು ಅದನ್ನು ಹೇಳು ಎಂದಳು. ಉತ್ತರ ಬಂದದ್ದು ಬಾಗಿಲಲ್ಲಿ ನಿಂತಿದ್ದ ಚಾಚಿಯಿಂದ.

"ವರ್ಷದಾಗ ರಂಜಾನ್ ಒಂದು ತಿಂಗಳು ನಾವು ಹನಿ ನೀರಿಲ್ದ ರೋಜಾ ಇರತೀವಿ. ಸಂಜೀಕ ಬಿಡತೀವಿ. ನೀವು ಹನ್ನೆರಡು ತಿಂಗಳೂ ಅದೀರಿ, ಯಾರಿಗೂ ಖಬರಿಲ್ಲ. ನಮ್ಮ ಹಿತ್ತಲ್ದಾಗ ಸಂಡಾಸ ಐತಿ, ಒಳಗ ಚಿಲಕ ಐತಿ, ನೀರೈತಿ. ಬರ್ರಿ. ಯಾರ್ ಬ್ಯಾಡಂತಾರ?"

ಬೇಡ ಎಂದವರು ಮಾಲೀಕರು. ಅವರನ್ನು ದುಷ್ಟರೆಂದು ನಾನು ಬರೆಯುವುದಿಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು, ಅಕ್ಕನ ಆಪರೇಷನ್ನಿನ ದಿನ ಆಸ್ಪತ್ರೆಗೂ ಬಂದಿದ್ದರು. ಆದರೆ ಖಾನಾವಳಿ ನಡೆಸಿದ ಹತ್ತು ವರ್ಷದಲ್ಲಿ ಒಂದು ಗುಂಡಿ ತೋಡಿಸಿ ನಾಲ್ಕು ತಗಡು ಹಾಕಿಸಲಿಲ್ಲ. ಈಗ ಎರಡು ಆಕ್ಷೇಪ ತೆಗೆದರು. ಐವರೂ ಎದ್ದು ಹೋದರೆ ಹನ್ನೆರಡಕ್ಕೆ ರೊಟ್ಟಿ ಸಿದ್ಧವಾಗುವುದಿಲ್ಲ ಎಂಬುದು ಒಂದು. ಎರಡನೆಯದನ್ನು ಪೂರ್ತಿ ಬಾಯಿಬಿಟ್ಟು ಹೇಳಲಿಲ್ಲ. ರೊಟ್ಟಿ ಬಡಿಯುವ ಕೈ ಯಾರ ಮನೆಯ ಹಿತ್ತಲಿಗೆ ಹೋಗಿ ಬರುತ್ತದೆಂದು ಉಣ್ಣುವವರು ಕೇಳಿದರೆ ಏನು ಹೇಳಲಿ ಎಂಬಲ್ಲಿಗೆ ನಿಲ್ಲಿಸಿದರು. ಅದೇ ಮನೆಯ ಗಿರಣಿಯ ಹಿಟ್ಟಿನಿಂದ ರೊಟ್ಟಿಯಾಗುತ್ತಿತ್ತು, ಅದನ್ನು ಯಾರೂ ಕೇಳಿರಲಿಲ್ಲ. ಇದನ್ನು ನಾನು ಅಸ್ಪೃಶ್ಯತೆಯ ಇನ್ನೊಂದು ರೂಪವೆಂದೇ ಕರೆಯುತ್ತೇನೆ. ನಾನು ವಾದಕ್ಕೆ ಬಾಯಿ ತೆರೆಯುವ ಮೊದಲೇ ಅಕ್ಕ ಮಾತಾಡಿದಳು, ದನಿ ಎತ್ತಲಿಲ್ಲ.

"ಸಾಹುಕಾರ್ರ, ನನ್ನ ಕಡೆ ಒಂದಾ ಉಳದೈತ್ರಿ. ಅದನ್ನೂ ನಿಮ್ಮ ರೊಟ್ಟಿ ಬುಟ್ಟ್ಯಾಗ ಇಟ್ಟು ಕೊಡಾಕ ಆಗಂಗಿಲ್ರಿ."

ಮರುದಿನ ಹನ್ನೊಂದಕ್ಕೆ ಐವರೂ ಹಂಚು ಇಳಿಸಿ, ಒಬ್ಬರ ಹಿಂದೊಬ್ಬರು ಚಾಚಿಯ ಹಿತ್ತಲಿಗೆ ಹೋಗಿ, ಕೈ ತೊಳೆದು, ಅವಳ ಕಟ್ಟೆಯ ಮೇಲೆ ಕೂತು ಒಂದೊಂದು ತಂಬಿಗೆ ನೀರು ಕುಡಿದು ಬಂದರು. ಒಟ್ಟು ಹಿಡಿದದ್ದು ಕಾಲು ತಾಸು. ಹನ್ನೆರಡಕ್ಕೆ ರೊಟ್ಟಿ ಸಿದ್ಧವಿತ್ತು. ಉಣ್ಣುವವರು ಯಾರೂ ಏನೂ ಕೇಳಲಿಲ್ಲ. ಮಾಲೀಕರು ಕಂಡೂ ಕಾಣದಂತೆ ಇದ್ದುಬಿಟ್ಟರು.

ಅಕ್ಕನ ಕಲ್ಲು ಮೂರನೆಯ ವಾರ ಇಳಿಯಿತು. ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಸೋಸಿ ಹಿಡಿದಳು. ಸಾಸಿವೆಗಿಂತ ತುಸು ದೊಡ್ಡದು, ಮುಳ್ಳುಮುಳ್ಳು. ಪರೀಕ್ಷೆಯಲ್ಲಿ ಅದು ಆಕ್ಸಲೇಟ್ ಜಾತಿಯದೇ ಎಂದು ಬಂತು. ಮೊಸರು ಊಟಕ್ಕೆ ಮರಳಿತು. ಭಾವ ಕೊರ್ಲಹಳ್ಳಿಯ ಪ್ರವಾಸ ನಿಲ್ಲಿಸಿ ಅದೇ ಕ್ಯಾನಿನಲ್ಲಿ ನಲ್ಲಿಯ ನೀರು ತುಂಬಿ ಅವಳ ಜೊತೆ ಕಳಿಸತೊಡಗಿದ. ವರ್ಷದ ನಂತರದ ಸ್ಕ್ಯಾನಿಂಗಿನಲ್ಲಿ ಎಡಗಡೆ ಹೊಸ ಕಲ್ಲು ಇರಲಿಲ್ಲ. ಅದರ ಮುಂದಿನ ವರ್ಷವೂ ಇರಲಿಲ್ಲ.

ನಾನು ಹೊಸ ಕರಪತ್ರ ಬರೆದೆ. ಈ ಸಲ ಹುಬ್ಬಳ್ಳಿಗೆ ಹೋಗಿ ತೋರಿಸಿ, ತಿದ್ದಿಸಿಕೊಂಡೇ ಅಚ್ಚಿಗೆ ಕೊಟ್ಟೆ. ಹಳೆಯದನ್ನು ಹಂಚಿದ ಅದೇ ಸಂತೆಗಳಿಗೆ, ಅದೇ ನಿಲ್ದಾಣಕ್ಕೆ ಹೋದೆ. ಮುಂಡರಗಿಯಲ್ಲಿ ಶೇಂಗಾ ಮಾರುವ ಹಿರಿಯರೊಬ್ಬರು ಎರಡನ್ನೂ ಓದಿದ್ದರು. "ಟೀಚರ್, ಎರಡು ವರ್ಷದ ಹಿಂದ ಮೊಸರು ಬಿಡಂದ್ರಿ, ನಮ್ಮಾಕಿ ಬಿಟ್ಟಳು. ಈಗ ಉಣ್ಣಂತೀರಿ. ಇದಾರ ಖರೆ ಐತೋ, ಮುಂದಿನ ಸಂತಿಗೆ ಬ್ಯಾರೇ ಬರತೈತೋ?" ಎಂದರು. ನಾನು ಆಸ್ಪತ್ರೆಯಲ್ಲಿ ತಿಳಿದದ್ದನ್ನು ಹೇಳಿ, ಅವರ ಹೆಂಡತಿಯ ಕ್ಷಮೆ ಕೇಳಿದ್ದಾಗಿ ತಿಳಿಸಿ ಎಂದೆ. ತಿಳಿಸಿದರೋ ಇಲ್ಲವೋ ಗೊತ್ತಿಲ್ಲ. ಹಳೆಯ ಕಾಗದ ಎಷ್ಟು ಮನೆಗಳ ಗೋಡೆಯ ಮೇಲೆ ಇನ್ನೂ ಇದೆಯೋ ಅದೂ ಗೊತ್ತಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೂರನೆಯ ವರ್ಷ ಚಾಚಿಯ ಗಂಡನಿಗೆ ಉಬ್ಬಸ ಹೆಚ್ಚಾಗಿ, ಹಿಟ್ಟಿನ ಧೂಳು ಆಗದೆ, ಅವರು ಗಿರಣಿ ಕೊಟ್ಟು ಲಕ್ಷ್ಮೇಶ್ವರಕ್ಕೆ ಮರಳಿದರು. ಹೊಸದಾಗಿ ಬಂದವರು ಹಿತ್ತಲ ಬಾಗಿಲಿಗೆ ಬೀಗ ಹಾಕಿದರು. ಅದು ಅವರ ಮನೆ, ತಪ್ಪೆನ್ನಲಾಗದು. ಒಬ್ಬಳ ಔದಾರ್ಯದ ಮೇಲೆ ಐವರ ಆರೋಗ್ಯವನ್ನು ನಿಲ್ಲಿಸಿ, ಮಾಲೀಕರಿಂದ ಏನನ್ನೂ ಬರೆಸಿಕೊಳ್ಳದೆ ನಾವು ಗೆದ್ದೆವೆಂದು ತಿಳಿದದ್ದೇ ತಪ್ಪಾಗಿತ್ತು. ಅಕ್ಕ ಅದೇ ವಾರ ಕೆಲಸ ಬಿಟ್ಟಳು. ಈಗ ಬೆಟಗೇರಿಯ ಮನೆಯಲ್ಲೇ ರೊಟ್ಟಿ ಮಾಡಿ ಕೊಡುತ್ತಾಳೆ. ಅವಳ ಎಡಗಡೆಯ ಮೂತ್ರಪಿಂಡ ಇಂದಿಗೂ ಕೆಲಸ ಮಾಡುತ್ತಿದೆ. ಶೆಡ್ಡಿನಲ್ಲಿ ಅವಳು ಬಿಟ್ಟ ಒಲೆಯ ಮುಂದೆ ಹೊಸದಾಗಿ ಮದುವೆಯಾದ ಇಪ್ಪತ್ತರ ಪ್ರಾಯದ ಹುಡುಗಿಯೊಬ್ಬಳು ಬಂದು ಕೂತಿದ್ದಾಳೆ. ಕಳೆದ ಸಲ ಹೋದಾಗ ಹಿರಿಯಳು ಅವಳಿಗೆ ಮೂರನೆಯ ಪಾಠ ಹೇಳುತ್ತಿದ್ದಳು. ನಾನು ತಡೆಯಲು ಹೋದೆ. ಹಿರಿಯಳು ಕೋಪವಿಲ್ಲದೆ, ಹಾಗಾದರೆ ಜಾಗ ತೋರಿಸಿ ಹೋಗು ಎಂದಳು. ಆ ಜಾಗ ತೋರಿಸಬೇಕಾದವರು ನೀವು.

ಖಾನಾವಳಿಗಳ ಪರವಾನಗಿಗೆ ಪ್ರತಿ ವರ್ಷ ಸಹಿ ಹಾಕುವ ಅಧಿಕಾರಿಗಳೇ, ನೀವು ಮುಂದಿನ ಊಟದ ಕೋಣೆಯ ಮೇಜು ನೋಡಿ ಸಹಿ ಮಾಡುತ್ತೀರಿ. ಬರುವ ನವೀಕರಣದಿಂದ ಹಿಂದಿನ ಶೆಡ್ಡಿಗೆ ಹೋಗಿ ನೋಡಬೇಕು. ರೊಟ್ಟಿ ಮಾಡುವ ಹೆಂಗಸರಿಗೆ ಒಳಗಿನಿಂದ ಚಿಲಕವಿರುವ, ನೀರಿರುವ ಶೌಚಾಲಯ ಅದೇ ಆವರಣದಲ್ಲಿ ಆಗುವವರೆಗೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಒಂದು ಖಾನಾವಳಿಗೂ ಪರವಾನಗಿ ನವೀಕರಿಸಬಾರದು. ಖಾನಾವಳಿಯ ಮಾಲೀಕರೇ, ಒಲೆಗಳ ಸಾಲಿನಲ್ಲಿ ಕುಡಿಯುವ ನೀರಿನ ಕೊಡ ಇಡಬೇಕು. ಬೆಳಿಗ್ಗೆ ಹತ್ತಕ್ಕೂ ಮಧ್ಯಾಹ್ನ ಒಂದಕ್ಕೂ ಕಾಲು ತಾಸು ಹಂಚು ಇಳಿಸಲು ಬಿಡಬೇಕು. ಅದನ್ನು ಬರೆದು ಗೋಡೆಗೆ ಹಾಕಬೇಕು. ಆಸ್ಪತ್ರೆಗಳಲ್ಲಿ ಕಲ್ಲಿನ ರೋಗಿಗೆ ಚೀಟಿ ಬರೆಯುವ ವೈದ್ಯರೇ, ಹೆಚ್ಚು ನೀರು ಕುಡಿಯಿರಿ ಎಂದು ಬರೆಯುವ ಮೊದಲು, ಕೆಲಸದ ಜಾಗದಲ್ಲಿ ಶೌಚಾಲಯ ಇದೆಯೇ ಎಂದು ಕೇಳಿ, ಇಲ್ಲವೆಂದರೆ ಆ ಉತ್ತರವನ್ನು ಚೀಟಿಯಲ್ಲಿ ದಾಖಲಿಸಿ ಪರವಾನಗಿಯವರಿಗೆ ಒಂದು ಪ್ರತಿ ಕಳಿಸಬೇಕು. ಬೇಸಿಗೆ ಶುರುವಾಗುವ ಮೊದಲು ಇದು ಆಗಬೇಕು.